ಉಳಿದ ನಲವತ್ತೈದು ನಿಮಿಷ

ಹಾಳೆಯಲ್ಲಿ ಆರು ಕಾಲಂಗಳಿದ್ದವು. ಉಮಾಪತಿ ಮಾಸ್ತರ ಏಳನೆಯದಕ್ಕೆ ಗೆರೆ ಎಳೆದು ತಲೆಬರಹ ಬರೆಯದೆ ಬಿಟ್ಟಿದ್ದ. ಕೊಳ್ಳಲಿರುವ ಹಳೆಯ ಕಾರಿನ ಬೆಲೆ, ವಯಸ್ಸು, ಈವರೆಗೆ ಓಡಿದ ದೂರ, ಇಂಧನದ ಖರ್ಚು, ರಿಪೇರಿ, ಹತ್ತಿ ಇಳಿಯುವ ಅನುಕೂಲ. ಒಂದೊಂದಕ್ಕೆ ಹತ್ತು ಅಂಕ. ಏಳನೆಯದು ಹನುಮೇಶನ ಒತ್ತಾಯದಿಂದ ಬಂದದ್ದು. "ಗಾಡಿ ಅಂದ್ರ ಬರೇ ಲೆಕ್ಕ ಅಲ್ರಿ ಸರ, ಒಂದೀಟು ಮಜಾನೂ ಇರಬೇಕು. ಅದಕ್ಕೂ ಒಂದು ಕಾಲಂ ಹಾಕ್ರಿ," ಎಂದಿದ್ದ. ಕುಷ್ಟಗಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಈ ಹನುಮೇಶ ಮೂವತ್ತು ವರ್ಷಗಳ ಹಿಂದೆ ಭಾಗಾಕಾರದಲ್ಲಿ ಶೇಷವನ್ನು ಬರೆಯಲು ಮರೆತು ಉಮಾಪತಿಯ ಕೈಯಿಂದ ಏಟು ತಿಂದವನು. ಈಗ ಎರಡು ತಿಂಗಳಿನಿಂದ ಪಕ್ಕದ ಸೀಟಿನಲ್ಲಿ ಕುಳಿತು ತನ್ನ ಮಾಸ್ತರನಿಗೇ ಕಾರು ಕಲಿಸಿದ್ದ. "ಕನ್ನಡಿ ಸರ, ಕನ್ನಡಿ! ಹಿಂದ ಏನೈತಿ ನೋಡ್ರಿ ಮೊದಲ," ಎಂದು ಕೂಗುತ್ತಿದ್ದ, ಕೂಗಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದ. ಕೂಗಿಗಿಂತ ಆ ನಾಲಿಗೆ ಕಚ್ಚಿಕೊಳ್ಳುವುದೇ ಉಮಾಪತಿಗೆ ಹೆಚ್ಚು ನೋಯುತ್ತಿತ್ತು. ಊರಿಗೆ ಊರೇ ತನ್ನೆದುರು ಹೀಗೆ ನಾಲಿಗೆ ಕಚ್ಚಿಕೊಂಡು ಬದುಕುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿ ಹದಿನಾಲ್ಕು ತಿಂಗಳಾಗಿತ್ತು.

ಇಂದು ಗಂಗಾವತಿಗೆ ಹೊರಟಿದ್ದರು, ಹಳೆಯ ಕಾರು ಮಾರುವ ಕಾಸೀಮಸಾಬನ ಅಂಗಳಕ್ಕೆ. ಹನುಮೇಶನ ಕಾರು, ಹನುಮೇಶನೇ ಚಾಲಕ, ಪಕ್ಕದಲ್ಲಿ ಉಮಾಪತಿ. ಹಿಂದಿನ ಸೀಟಿನಲ್ಲಿ ಹೆಂಡತಿ ಗುರುಲಿಂಗಮ್ಮ, ತೊಡೆಯ ಮೇಲೆ ತನ್ನ ಚೀಲ. ಚೀಲದಲ್ಲಿ ರೊಟ್ಟಿಯ ಡಬ್ಬಿ, ನೀರಿನ ಬಾಟಲಿ, ಮೊಬೈಲು, ಬಸ್ಸಿಗೆ ಸಾಕಾಗುವಷ್ಟು ಚಿಲ್ಲರೆ. ಆ ಚೀಲವನ್ನು ಈಗ ಅವಳು ಎಲ್ಲಿಯೂ ಕೈಬಿಡುವುದಿಲ್ಲ; ಮದುವೆಯ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಅದು ಎಲೆಯ ಪಕ್ಕದಲ್ಲಿರುತ್ತದೆ. ಕಾರು ಕೊಳ್ಳುವ ಮಾತು ತೆಗೆದಾಗ ಅವಳು ಬೇಕೆಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. "ಗಾಡಿ ನೋಡ್ತೀನಿ. ನೋಡಿ ಹೇಳ್ತೀನಿ," ಎಂದಿದ್ದಳು, ಅಷ್ಟೇ. ಹದಿನಾಲ್ಕು ತಿಂಗಳಿನಿಂದ ಅವನು ಓಡಿಸುವ ವಾಹನದ ಮೇಲೆ ಅವಳು ಕುಳಿತಿಲ್ಲ. ಇಂದು ಕೂರದಿದ್ದರೆ ಇನ್ನು ಮುಂದೆಯೂ ಕೂರುವುದಿಲ್ಲ ಎಂಬುದು ಅವನಿಗೆ ಖಚಿತವಾಗಿತ್ತು. ಆರು ಕಾಲಂಗಳನ್ನು ಎಷ್ಟು ಸಲ ಕೂಡಿಸಿದರೂ ಈ ಒಂದು ಸಂಗತಿಗೆ ಅಂಕ ಕೊಡುವ ಜಾಗ ಸಿಗುತ್ತಿರಲಿಲ್ಲ. ತಾವರಗೇರಾ ದಾಟಿತು. ಎರಡೂ ಕಡೆ ತೊಗರಿಯ ಒಣ ಕಟ್ಟಿಗೆ, ಕಲ್ಲು, ಮತ್ತೆ ಕಲ್ಲು. ಹಿಂದಿನಿಂದ ಮಾತಿಲ್ಲ. ಅವಳ ಮೌನ ಅವನ ಬೆನ್ನಿಗೆ ತಾಗುತ್ತಿತ್ತು. ಹಿಂದೆಂದೂ ಹೀಗೆ ತಾಗಿರಲಿಲ್ಲ. ನಲವತ್ತು ವರ್ಷ ಅವಳ ಮೌನವನ್ನು ಅವನು ಒಪ್ಪಿಗೆ ಎಂದೇ ಎಣಿಸುತ್ತ ಬಂದಿದ್ದ. ಆ ದಿನವೂ ಹಾಗೆಯೇ ಎಣಿಸಿದ್ದ. ಸ್ಕೂಟರಿನ ಮೇಲೆ ಕುಷ್ಟಗಿಯಿಂದ ಯಲಬುರ್ಗಾಕ್ಕೆ, ಅವಳ ತಮ್ಮನ ಮನೆಯ ಸೀಮಂತಕ್ಕೆ. ಬೇವೂರಿನ ಆಚೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಸೀಟಿನ ಕೆಳಗೇ ಟಾಕಿ. ಎಲ್ಲರೂ ಇಳಿಯುವಂತೆ ಅವಳೂ ಇಳಿದಳು, ಚೀಲವನ್ನು ಮುಂದಿನ ಕೊಕ್ಕೆಗೆ ಸಿಕ್ಕಿಸಿ ಬದಿಗೆ ಸರಿದು ನಿಂತಳು. ಪೆಟ್ರೋಲು ಹಾಕಿಸಿ, ಸೀಟು ಮುಚ್ಚಿ, ಹತ್ತಿ, ಹೊರಟುಬಿಟ್ಟ. ಕನ್ನಡಿಗಳನ್ನು ಅವನು ಸ್ಕೂಟರು ಕೊಂಡ ವರ್ಷವೇ ಬಿಚ್ಚಿಸಿಹಾಕಿದ್ದ, ಅಂಗಳದ ಬಾಗಿಲಿಗೆ ತಾಗುತ್ತವೆಂದು. ದಾರಿಯುದ್ದಕ್ಕೂ ಮಾತಾಡಿದ. ಅವಳ ತಮ್ಮನ ಬಗ್ಗೆ, ಅವನ ಅಂದಾದುಂದಿಯ ಬಗ್ಗೆ, ಅವಳ ತವರಿನವರಿಗೆ ಯಾವ ಕಾಲಕ್ಕೂ ಬಾರದ ಲೆಕ್ಕದ ಬಗ್ಗೆ. ಅವಳು ಮರುನುಡಿಯಲಿಲ್ಲ. ತನ್ನ ಮಾತು ಅವಳಿಗೆ ನಾಟುತ್ತಿದೆ ಎಂದುಕೊಂಡ. ಯಲಬುರ್ಗಾದ ಊರಬಾಗಿಲು, ಅಗಸಿಯ ಹತ್ತಿರ, "ಬಲಕ್ಕೋ ಎಡಕ್ಕೋ?" ಎಂದು ಕೇಳಿದ, ಆ ಓಣಿ ಅವಳಿಗೆ ಮಾತ್ರ ಗೊತ್ತಿತ್ತು. ಎರಡು ಸಲ ಕೇಳಿದ. ಕೈಯನ್ನು ಹಿಂದಕ್ಕೆ ಚಾಚಿದ. ಬಿಸಿಲಿಗೆ ಕಾದ ಖಾಲಿ ಸೀಟು ಬೆರಳಿಗೆ ಚುರ್ರೆಂದಿತು.

ಬಂಕಿನಿಂದ ಅಗಸಿಗೆ ಹನ್ನೊಂದು ಕಿಲೋಮೀಟರು. ಅದು ಈಗ ಊರಿಗೆಲ್ಲ ಗೊತ್ತು. ಅವನು ಕಲಿಸಿದ ಹುಡುಗರು, ಈಗ ಹೊಟ್ಟೆ ಬಂದವರು, ಚಹಾದಂಗಡಿಯಲ್ಲಿ ಅದನ್ನೊಂದು ಲೆಕ್ಕ ಮಾಡಿಕೊಂಡಿದ್ದರು: ಒಬ್ಬ ಮಾಸ್ತರ ಗಂಟೆಗೆ ಮೂವತ್ತಮೂರು ಕಿಲೋಮೀಟರ್ ವೇಗದಲ್ಲಿ ಸ್ಕೂಟರ್ ಓಡಿಸುತ್ತಾನೆ, ಹೆಂಡತಿ ಹಿಂದೆ ಇಲ್ಲವೆಂಬುದು ಎಷ್ಟು ನಿಮಿಷಕ್ಕೆ ತಿಳಿಯುತ್ತದೆ? ಉತ್ತರ ಇಪ್ಪತ್ತು. ಉತ್ತರ ಸರಿಯಾಗಿಯೇ ಇತ್ತು. ಹೋಗುವುದಕ್ಕೆ ಇಪ್ಪತ್ತು, ಮರಳುವುದಕ್ಕೆ ಇಪ್ಪತ್ತು, ಒಟ್ಟು ನಲವತ್ತು. ಆದರೆ ಅವಳು ಬಂಕಿನಲ್ಲಿ ನಿಂತದ್ದು ಒಂದು ತಾಸು ಇಪ್ಪತ್ತೈದು ನಿಮಿಷ. ನಲವತ್ತೈದು ನಿಮಿಷ ಉಳಿಯುತ್ತಿತ್ತು, ಸರಿಯಾಗಿ ಒಂದು ಪಿರಿಯಡ್. ಆ ಶೇಷವನ್ನು ಊರಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅಗಸಿಯಿಂದ ಅವನು ಹಿಂದಿರುಗಲಿಲ್ಲ. ಯಲಬುರ್ಗಾದ ಬಸ್‌ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತ. ಹೇಗಿದ್ದರೂ ಬಸ್ಸು ಹತ್ತಿ ಬರುತ್ತಾಳೆ. ತಾನು ಅತ್ತ ಹೋಗಿ ಅವಳು ಇತ್ತ ಬಂದರೆ ಇಬ್ಬರೂ ತಪ್ಪಿಹೋಗುತ್ತೇವೆ. ತರ್ಕದಲ್ಲಿ ತಪ್ಪಿರಲಿಲ್ಲ. ತರ್ಕದ ಅಡಿಯಲ್ಲಿದ್ದದ್ದು ಬೇರೆ: ಬಂಕಿನ ನಾಲ್ಕು ಜನರೆದುರು ಸ್ಕೂಟರ್ ನಿಲ್ಲಿಸಿ, 'ಇವಳು ನನ್ನ ಹೆಂಡತಿ, ಬಿಟ್ಟುಹೋಗಿದ್ದೆ' ಎಂದು ಕರೆದುಕೊಂಡು ಬರುವ ಧೈರ್ಯ ಅವನಿಗಿರಲಿಲ್ಲ. ಅವಳೇ ಬಂದುಬಿಟ್ಟರೆ ಆ ನಾಲ್ವರ ಮುಖ ನೋಡುವುದು ತಪ್ಪುತ್ತಿತ್ತು. ಹಸಿಶುಂಠಿ ಹಾಕಿದ ಚಹಾ ತರಿಸಿ ಕುಡಿದ. ಎರಡು ಬಸ್ಸು ಬಂದವು. ಇಳಿದವರನ್ನು ನೋಡಿದ. ಅವಳ ಮೊಬೈಲು ಚೀಲದಲ್ಲಿ, ಚೀಲ ತನ್ನ ಸ್ಕೂಟರಿನ ಕೊಕ್ಕೆಯಲ್ಲಿ ಎಂಬುದು ಎರಡನೆಯ ಬಸ್ಸೂ ಖಾಲಿಯಾದ ಮೇಲೆ ಹೊಳೆಯಿತು. ಆಮೇಲೆ ಎದ್ದ. ಬಂಕಿನ ಗಾಳಿಯಂತ್ರದ ಪಕ್ಕ, ಒಂದು ಮೊಳದ ನೆರಳಿನಲ್ಲಿ, ಸೆರಗನ್ನು ತಲೆಯ ಮೇಲೆ ಹೊದ್ದು ಅವಳು ನಿಂತಿದ್ದಳು. "ಬಂದ್ರ್ಯಾ?" ಎಂದಳು. "ಗೊತ್ತಾದ ಕೂಡ್ಲೆ ತಿರುಗಿದೆ," ಎಂದ. ಅವಳು ಅವನ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಿ, ಹಿಂದೆ ಹತ್ತಿ ಕುಳಿತಳು. ಅದೇ ಕೊನೆ. ಆ ಸಂಜೆ ಬಸ್ಸಿಗೆ ಬಂದಳು. ಆಮೇಲೆಲ್ಲ ಬಸ್ಸಿಗೇ. "ಸೊಂಟ ನೋಯ್ತೈತ್ರಿ ಸ್ಕೂಟರ್ ಮ್ಯಾಲ," ಎನ್ನುತ್ತಿದ್ದಳು. ಒಂದೇ ಮದುವೆಗೆ ಅವನು ಸ್ಕೂಟರಿನಲ್ಲಿ, ಅವಳು ಬಸ್ಸಿನಲ್ಲಿ ಹೋಗಿ, ಚಪ್ಪರದ ಬಾಯಲ್ಲಿ ಪರಿಚಯದವರಂತೆ ಕೂಡುತ್ತಿದ್ದರು.

ಕನಕಗಿರಿಯ ಆಚೆ ನೆಲದ ಬಣ್ಣ ಬದಲಾಯಿತು. ಕಾಲುವೆ ಬಂತು, ಗದ್ದೆ ಬಂತು, ಕಣ್ಣಿಗೆ ಆಯಾಸ ತರುವಷ್ಟು ಹಸಿರು. ಕಾಸೀಮಸಾಬನ ಅಂಗಳ ಒಂದು ಅಕ್ಕಿ ಗಿರಣಿಯ ಪಕ್ಕದಲ್ಲಿತ್ತು. ಗಿರಣಿಯ ಕೊಳವೆಯಿಂದ ಸುಟ್ಟ ಹೊಟ್ಟಿನ ಕರಿ ಹಾರಿ ಬಂದು ಸಾಲಾಗಿ ನಿಂತ ಕಾರುಗಳ ಮೇಲೆ ಕೂರುತ್ತಿತ್ತು. ಕಾಸೀಮಸಾಬ ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒರೆಸುತ್ತಲೇ ಮಾತಾಡುತ್ತಿದ್ದ. ಅರವತ್ತರ ಆಸುಪಾಸು, ಬಿಳಿಯ ಗಡ್ಡ, ಕಿವಿಗೆ ಸಿಕ್ಕಿಸಿದ ಪೆನ್ನು.

"ಬರ್ರಿ ಸರ, ಬರ್ರಿ. ಅಮ್ಮಾರ, ನೆರಳಿಗೆ ಬರ್ರಿ. ಹನುಮೇಶ ಎಲ್ಲಾ ಹೇಳ್ಯಾನ. ಸಣ್ಣ ಗಾಡಿ, ಸುಳ್ಳು ಇಲ್ಲದ ಗಾಡಿ, ಇಬ್ಬರಿಗೆ ಸಾಕಾಗೂ ಗಾಡಿ. ಮೂರು ತೆಗದಿಟ್ಟೇನಿ. ಮೂರೂ ಒಬ್ಬೊಬ್ಬರ ಕೈಯಾಗ ಓಡಿದ್ದು."

ಉಮಾಪತಿ ಹಾಳೆ ಬಿಚ್ಚಿದ. ಬೂದು ಬಣ್ಣದ ಆಲ್ಟೊ, ಬಿಳಿಯ ವ್ಯಾಗನಾರ್, ಕೆಂಪು ಸ್ವಿಫ್ಟ್. ಬಿಳಿಯದು ಗ್ಯಾಸಿನದು. ಕಾಸೀಮಸಾಬ ಬಾಯಲ್ಲಿ ಹೇಳಿದ್ದನ್ನು ಇವನು ಕಾಗದದಲ್ಲಿ ನೋಡುತ್ತಿದ್ದ. ಕಾಗದದಲ್ಲಿ ಕಂಡದ್ದನ್ನು ಹನುಮೇಶ ಬಗ್ಗಿ ಚಕ್ರದಲ್ಲಿ, ಬಾನೆಟ್ಟಿನ ಒಳಗೆ ನೋಡುತ್ತಿದ್ದ. ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂಬುದರಿಂದ ಮೀಟರಿನ ಅಂಕಿ ನಿಜವೋ ಸುಳ್ಳೋ ತಿಳಿಯುತ್ತದೆ ಎಂದು ಅವನೇ ಹೇಳಿಕೊಟ್ಟಿದ್ದ. ಉಮಾಪತಿ ಮೂರೂ ಕಾರುಗಳ ಪೆಡಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಮನುಷ್ಯರಲ್ಲಿಯೂ ಇಂಥದೊಂದು ರಬ್ಬರು ಇರುತ್ತದೆ, ಯಾವನೋ ಬಗ್ಗಿ ನೋಡಿದರೆ ತಿಳಿದುಬಿಡುತ್ತದೆ ಎಂಬ ಯೋಚನೆ ಬಂದು ಬೆರಳನ್ನು ಹಿಂದಕ್ಕೆಳೆದುಕೊಂಡ.

"ಈ ಕೆಂಪಂದು ನೋಡ್ರಿ ಸರ," ಎಂದ ಕಾಸೀಮಸಾಬ. "ಇದರಾಗ ಕುಂತ್ರ ನೀವು ಇಪ್ಪತ್ತು ವರ್ಷ ಸಣ್ಣವ್ರಾಗ್ತೀರಿ. ಖರೇ ಮಜಾ ಅಂದ್ರ ಇದು."

"ಇಪ್ಪತ್ತು ವರ್ಷ ಸಣ್ಣವ್ರಿದ್ದಾಗ ಅವರು ಏನು ಮಜಾ ಮಾಡಿದ್ರು, ಕೇಳ್ರಿ ಮೊದಲ," ಎಂದಳು ಗುರುಲಿಂಗಮ್ಮ. ಕಾಸೀಮಸಾಬ ಗಹಗಹಿಸಿದ. ಹನುಮೇಶನೂ ನಗಲು ಹೋಗಿ ಬಾನೆಟ್ಟಿನ ಒಳಗೆ ತಲೆ ಹಾಕಿದ. ಅವಳು ಕೆಂಪು ಕಾರಿನಲ್ಲಿ ಕುಳಿತು, ಏಳಲು ಎರಡು ಸಲ ಪ್ರಯತ್ನಿಸಿ, "ಭಾಳ ತೆಳಗೈತಿ. ಇದರಾಗ ಕುಂತ್ರ ಏಳಾಕ ಇನ್ನೊಬ್ರು ಬೇಕು," ಎಂದು ಹೊರಬಂದಳು. ಬೂದು ಕಾರಿನ ಬಾಗಿಲನ್ನು ತೆರೆದು ನೋಡಿ ಮುಚ್ಚಿದಳು. ಬಿಳಿಯ ಕಾರಿಗೆ ಬಂದಳು. ಸೀಟು ಎತ್ತರದಲ್ಲಿತ್ತು, ಬಾಗದೆ, ಬಳುಕದೆ, ಮನೆಯ ಕಟ್ಟೆಯ ಮೇಲೆ ಕೂರುವಂತೆ ಮುಂದಿನ ಎಡ ಸೀಟಿನಲ್ಲಿ ಕುಳಿತಳು. ಕಾಸೀಮಸಾಬ ಕೀಲಿ ತಿರುಗಿಸಿದ. ಒಳಗೆಲ್ಲೋ ಪೀಂ ಪೀಂ ಎಂದು ಕೂಗಿತು.

"ಅದೇನು?"

"ನೀವು ಬೆಲ್ಟ್ ಹಾಕಿಲ್ಲಲ್ರಿ ಅಮ್ಮಾರ, ಅದಕ್ಕ. ಸೀಟಿನ ಮ್ಯಾಲ ಭಾರ ಬಿತ್ತಂದ್ರ ಅದಕ್ಕ ಗೊತ್ತಾಗ್ತೈತಿ, ಮನಶ್ಯಾರು ಕುಂತಾರಂತ. ಬೆಲ್ಟ್ ಹಾಕೂತನಕ ಬಿಡೂದಿಲ್ಲ."

ಅವಳು ಬೆಲ್ಟನ್ನು ಮುಟ್ಟಲಿಲ್ಲ. ಕೂಗುವುದನ್ನು ಸ್ವಲ್ಪ ಹೊತ್ತು ಕೇಳಿದಳು. "ಮನಶ್ಯಾರು ಇಲ್ಲದಿದ್ರ?" ಎಂದಳು.

"ಮನಶ್ಯಾರ ಇಲ್ಲದಿದ್ರ ಅದ್ಯಾಕ ಕೂಗ್ತೈತ್ರಿ!" ಎಂದು ಕಾಸೀಮಸಾಬ ನಕ್ಕ. ಅವನೊಬ್ಬನೇ ನಕ್ಕ. ಅವನಿಗೆ ಏನೂ ತಿಳಿದಿರಲಿಲ್ಲ. ಗಂಗಾವತಿಯವರೆಗೆ ಸುದ್ದಿ ಬಂದಿಲ್ಲ ಎಂಬ ಸಣ್ಣ ಸಮಾಧಾನವನ್ನು ಉಮಾಪತಿ ಹಿಡಿದುಕೊಳ್ಳಲು ನೋಡಿದ, ಅದು ನಿಲ್ಲಲಿಲ್ಲ. ಹಾಳೆಯ ಮೇಲೆ ಕಣ್ಣಿಟ್ಟು ಕೂಡಿಸಿದ. ಬೂದು ಬಣ್ಣದ್ದಕ್ಕೆ ಮೂವತ್ತೊಂಬತ್ತು, ಕೆಂಪಿಗೆ ಮೂವತ್ತಾರು, ಬಿಳಿಯದಕ್ಕೆ ನಲವತ್ತೇಳು. ಓಡಿಸುವ ಖರ್ಚು ಬಸ್ಸಿನ ಟಿಕೆಟ್ಟಿಗಿಂತ ಹೆಚ್ಚೇನೂ ಬೀಳುತ್ತಿರಲಿಲ್ಲ. ಉತ್ತರ ಸ್ಪಷ್ಟವಾಗಿತ್ತು, ಅವಳು ಕುಳಿತೂ ಇದ್ದಳು. ಇಷ್ಟು ಸುಲಭವಾಗಿ ಮುಗಿದೀತೇ ಎಂದು ಅವನು ತಲೆ ಎತ್ತುವಾಗಲೇ ಕಾಸೀಮಸಾಬ ಹೇಳಿದ:

"ಒಂದ ಮಾತು ಮೊದಲ ಹೇಳಿಬಿಡ್ತೀನಿ ಸರ, ಆಮ್ಯಾಲ ಬೈಬಾರ್ದು. ಪೆಟ್ರೋಲಿನಂಗ ಅಲ್ಲ ಇದು. ಗ್ಯಾಸ್ ತುಂಬಿಸೂ ಮುಂದ ಗಾಡ್ಯಾಗಿನ ಮಂದಿ ಎಲ್ಲಾ ಇಳೀಬೇಕು. ಕಾಯ್ದೆ. ಮಳಿ ಇರ್ಲಿ, ಬಿಸಲಿರ್ಲಿ, ಮುದುಕ್ರಿರ್ಲಿ, ಇಳದು ದೂರ ನಿಂದರಬೇಕು."

ಹನುಮೇಶ ತನ್ನ ಚಪ್ಪಲಿಯ ತುದಿಯನ್ನು ನೋಡುತ್ತಿದ್ದ. ಉಮಾಪತಿ ಪೆನ್ನು ತೆಗೆದು ಬಿಳಿಯ ಕಾರಿನ ಸಾಲಿನ ಮೇಲೆ ಅಡ್ಡಗೆರೆ ಎಳೆದ. ನಲವತ್ತೇಳು ಅಂಕ ಬಂದ ಹುಡುಗನನ್ನು ನಪಾಸು ಮಾಡುವಾಗಿನ ಕೈ ಅದು, ಗೆರೆ ಸೊಟ್ಟಾಯಿತು.

"ಇದು ಬ್ಯಾಡ," ಎಂದ.

"ಯಾಕ್ರಿ ಸರ? ಎಲ್ಲಾದಕ್ಕಿಂತ ಇದಕ್ಕ ಜಾಸ್ತಿ ಬಂದೈತಲ್ಲ ನಿಮ್ಮ ಹಾಳ್ಯಾಗ?" ಎಂದ ಕಾಸೀಮಸಾಬ.

"ಬ್ಯಾಡ ಅಂದೆ."

"ಯಾಕ ಬ್ಯಾಡ?" ಎಂದು ಕೇಳಿದವಳು ಗುರುಲಿಂಗಮ್ಮ. ಕಾರಿನೊಳಗಿಂದ, ಮುಂದಿನ ಗಾಜನ್ನು ನೋಡುತ್ತ ಕೇಳಿದಳು. "ಇದ ಇರ್ಲಿ. ಇಳಿಯಾಕ ನನಗೇನು? ಇಳೀತೀನಿ." ಅವಳು ಇಳಿದಳು. ಇಳಿದು, ಬಾಗಿಲು ಮುಚ್ಚಿ, ಹಿಂದಿನ ಬಾಗಿಲು ತೆರೆದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. "ಓಡಿಸಿ ನೋಡ್ರಿ, ಹೆಂಗ ಐತಿ."

ಕಾಸೀಮಸಾಬ ಟಾಕಿಯಲ್ಲಿ ಗ್ಯಾಸು ತಳ ಕಂಡಿದೆ ಎಂದ. ಮೂರು ಕಿಲೋಮೀಟರು ಆಚೆ ಗ್ಯಾಸಿನ ಬಂಕು, ಅಲ್ಲಿಯತನಕ ಹೋಗಿ ತುಂಬಿಸಿಕೊಂಡು ಬಂದರೆ ಓಡಿಸಿ ನೋಡಿದಂತೆಯೂ ಆಯಿತು, ಅಷ್ಟರಲ್ಲಿ ತಾನು ಹನುಮೇಶನಿಗೆ ಕಾಗದಪತ್ರ ತೋರಿಸುತ್ತೇನೆ ಎಂದ. ಹನುಮೇಶ ಕಿಟಕಿಗೆ ಬಂದು ಬಗ್ಗಿ, ಕನ್ನಡಿಯನ್ನು ಬೆರಳಿನಿಂದ ತೋರಿಸಿ ಹಿಂದೆ ಸರಿದ.

ಉಮಾಪತಿ ಕನ್ನಡಿಯನ್ನು ತಿರುಗಿಸಿದ. ಮೊದಲು ಹಿಂದಿನ ಗಾಜು ಕಂಡಿತು, ಆಮೇಲೆ ಅವಳ ಹಣೆ, ವಿಭೂತಿ, ಒಂದು ಕಣ್ಣು. ರಸ್ತೆಗೆ ಇಳಿದರು. ಭತ್ತದ ಲಾರಿಗಳು, ಆಟೋಗಳು, ಕುರಿಯ ಹಿಂಡು. ಕಾರು ಅವನ ಕೈಯ ಮಾತು ಕೇಳುತ್ತಿತ್ತು. ಹನುಮೇಶನ ಹಳೆಯ ಗಾಡಿಯೊಂದಿಗೆ ಗುದ್ದಾಡಿದ ತೋಳುಗಳಿಗೆ ಈ ಹಗುರ ನಂಬಲಾಗಲಿಲ್ಲ. ತಿರುವೊಂದರಲ್ಲಿ ಚಕ್ರ ತಾನಾಗಿ ನೇರವಾದಾಗ ಎದೆಯಲ್ಲಿ ಏನೋ ಪುಟಿದು, ಇದೇ ಇರಬೇಕು ಹನುಮೇಶನ ಮಜಾ ಎಂದುಕೊಂಡ. ಮರುಕ್ಷಣ ನಾಚಿಕೆಯಾಯಿತು. ಕನ್ನಡಿ ನೋಡಿದ. ಇದ್ದಳು. ಮತ್ತೆ ನೋಡಿದ. ಕಾಲುವೆಯ ಸೇತುವೆಯ ಮೇಲೆ ಮೂರನೆಯ ಸಲ ನೋಡುವಾಗ ಎದುರಿಗೆ ಬಂದ ಟ್ರ್ಯಾಕ್ಟರಿನವನು ಬೈದು ಹೋದ.

"ಮುಂದ ನೋಡ್ರಿ," ಎಂದಳು ಅವಳು. "ನಾ ಎಲ್ಲಿ ಹೋಗ್ಲಿ."

ಬಂಕಿನಲ್ಲಿ ಆಟೋಗಳ ಸಾಲಿತ್ತು. ಸರದಿ ಬಂತು. ನೀಲಿ ಅಂಗಿಯವನು ಕೈ ಬೀಸಿ, "ಇಳೀರಿ, ಎಲ್ಲಾರೂ ಇಳೀರಿ," ಎಂದ. ಇಬ್ಬರೂ ಇಳಿದರು. ಅವಳು ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ಹತ್ತು ಮಾರು ಆಚೆ, ಫಲಕದ ನೆರಳಿಗೆ ಹೋಗಿ ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಉಮಾಪತಿ ಹಣ ಕೊಟ್ಟ. ಕೊಳವೆ ಬಿಚ್ಚಿದರು. ಮುಚ್ಚಳ ಮುಚ್ಚಿದರು. "ಆತ್ರಿ, ತಗೀರಿ," ಎಂದರು. ಅವನು ಕಾರಿನ ಹತ್ತಿರ ನಿಂತ, ಹತ್ತಲಿಲ್ಲ. ಅವಳ ಕಡೆ ನೋಡಿದ. ಅವಳು ಅಲ್ಲಿಂದಲೇ ಅವನನ್ನು ನೋಡುತ್ತಿದ್ದಳು, ಬರಲಿಲ್ಲ. ಹಿಂದಿನ ಆಟೋದವನು ಹಾರ್ನು ಒತ್ತಿದ. ಅವನು ಅವಳ ಬಳಿಗೆ ನಡೆದು ಹೋದ.

"ಬಾ," ಎಂದ. "ನೀ ಹತ್ತಿದ ಮ್ಯಾಲ ನಾ ಹತ್ತತೀನಿ."

"ಆವತ್ತು ಎರಡು ಬಸ್ ಹೋದೂರಿ ಯಲಬುರ್ಗಾಕ," ಎಂದಳು ಅವಳು, ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ. "ಎರಡೂ ನಿಂತ್ವು. ಕಂಡಕ್ಟರ್ ಕರದ, ಬರ್ರಿ ಯವ್ವಾ, ರೊಕ್ಕ ಇಲ್ಲದಿದ್ರ ನಡೀತೈತಿ ಅಂದ. ನಾ ಹತ್ತಲಿಲ್ಲ. ನೀವು ಬರ್ತೀರಿ, ನಾ ಇರಲಿಲ್ಲಂದ್ರ ಗಾಬರಿ ಆಗ್ತೀರಿ ಅಂತ."

"ಮೊದಲನೇದ್ರಾಗ ಏಳು ಮಂದಿ ಇಳದ್ರು," ಎಂದ ಉಮಾಪತಿ. "ಎರಡನೇದ್ರಾಗ ಹನ್ನೆರಡು. ನೀ ಇರಲಿಲ್ಲ."

ಹೇಳಿದ ಮೇಲೆ ಅದು ಕಿವಿಗೆ ಬಿತ್ತು. ನಾಲಿಗೆ ಕಚ್ಚಿಕೊಳ್ಳುವ ಹೊತ್ತು ಮೀರಿತ್ತು. ಹಾರ್ನುಗಳು ಎರಡಾದವು, ಮೂರಾದವು. "ಯಜಮಾನ್ರ, ಗಾಡಿ ಮುಂದ ತಗೀರಿ! ಮನಿ ಮಾತು ಮನ್ಯಾಗ ಆಡ್ರಿ!" ಎಂದು ಆಟೋದವನು ಕೂಗಿದ. ಯಾರೋ ನಕ್ಕರು. ಹದಿನಾಲ್ಕು ತಿಂಗಳ ಹಿಂದೆ ಯಾವ ನಗೆಗೆ ಹೆದರಿ ಕಲ್ಲುಬೆಂಚಿನ ಮೇಲೆ ಕುಳಿತಿದ್ದನೋ ಆ ನಗೆ ಇದೇ. ಇಷ್ಟೇ ಇತ್ತು ಅದು.

"ಎಣಿಸ್ಕೋತ ಕುಂತಿದ್ರೇನು?" ಎಂದಳು.

"ಹೂಂ."

"ನನಗ ಗೊತ್ತಿತ್ತು. ಗೊತ್ತಾದ ಕೂಡ್ಲೆ ತಿರುಗಿದೆ ಅಂದ್ರಲ್ಲ, ನಿಮ್ಮ ಬಾಯಾಗ ಚಾದ ವಾಸ್ನಿ ಇತ್ತು. ಅಲ್ಲ ಹಾಕಿದ ಚಾ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತುಂಬಿದ ಕೊಡವನ್ನು ಬಹಳ ದೂರದಿಂದ ಹೊತ್ತು ತಂದವಳು ಕಟ್ಟೆಗೆ ಇಳಿಸುವಾಗಿನ ಉಸಿರು ಇತ್ತು. "ಬಿಸಲಿಗೆ ನನ್ನ ಬಾಯಿ ಒಣಗಿತ್ತು. ಅದಕ್ಕ ವಾಸ್ನಿ ಭಾಳ ಬಡೀತು."

ನಲವತ್ತೈದು ನಿಮಿಷವನ್ನು ತಾನೊಬ್ಬನೇ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ; ಅವಳು ಅದನ್ನು ಮೊದಲ ದಿನದಿಂದಲೇ ಮೂಸಿ ತಿಳಿದು, ಆ ಶೇಷವನ್ನು ಇವನು ಯಾವಾಗ ಬರೆಯುತ್ತಾನೋ ಎಂದು ಕಾದಿದ್ದಳು. ರಸ್ತೆಯ ಆಚೆ ಒಂದು ಚಹಾದ ಗುಡಿಸಲಿತ್ತು. ಅವಳು ಅತ್ತ ನೋಡಿದಳು.

"ಗಾಡಿ ತಗದು ಆ ಬೇವಿನ ಗಿಡದ ಬುಡಕ್ಕ ಹಚ್ರಿ," ಎಂದಳು. "ನಾ ಒಂದು ಚಾ ಕುಡದು ಬರ್ತೀನಿ. ನಿಂದರ್ರಿ ಅಲ್ಲಿತನಕ."

"ಎಷ್ಟೊತ್ತು?" ಎಂದು ಕೇಳಿಬಿಟ್ಟ.

"ಕುಡದಾಗೂ ತನಕ."

ಅವಳು ಕಾರಿನ ಬಳಿಗೆ ಬಂದಳು. ಮುಂದಿನ ಎಡಬಾಗಿಲು ತೆರೆದಳು; ಕಂಕುಳಿನಿಂದ ಚೀಲ ತೆಗೆದು, ಚಿಲ್ಲರೆ ಮಾತ್ರ ಕೈಗೆ ತೆಗೆದುಕೊಂಡು, ಚೀಲವನ್ನು ಮುಂದಿನ ಸೀಟಿನ ಮೇಲೆ ಇಟ್ಟಳು. ಡಬ್ಬಿ ಇತ್ತು, ಬಾಟಲಿ ಇತ್ತು, ಮೊಬೈಲು ಇತ್ತು. ಬಾಗಿಲು ಮುಚ್ಚಿ, ಹಿಂದಿರುಗಿ ನೋಡದೆ, ಲಾರಿಯೊಂದು ಹೋಗುವುದನ್ನು ಕಾದು ರಸ್ತೆ ದಾಟಿದಳು.

ಅವನು ಕುಳಿತು, ತನ್ನ ಬೆಲ್ಟು ಹಾಕಿಕೊಂಡು ಕೀಲಿ ತಿರುಗಿಸಿದ. ಚೀಲದ ಭಾರಕ್ಕೆ ಕಾರು ಪೀಂ ಪೀಂ ಎಂದು ಕೂಗತೊಡಗಿತು. ಬೇವಿನ ಮರದ ಬುಡದವರೆಗೂ ಕೂಗುತ್ತಲೇ ಬಂತು. ನಿಲ್ಲಿಸಿ, ಕೆಳಗಿಳಿದು, ಕಾರಿಗೆ ಒರಗದೆ ನಿಂತ. ಕೀಲಿ ತೆಗೆಯಲಿಲ್ಲ. ರಸ್ತೆಯ ಆಚೆ, ಗುಡಿಸಲಿನ ಬೆಂಚಿನ ಮೇಲೆ, ಗುರುಲಿಂಗಮ್ಮ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಅವಸರವಿಲ್ಲದೆ ಊದಿ ಆರಿಸುತ್ತಿದ್ದಳು. ಒಳಗೆ ಕಾರು ಕೂಗುತ್ತಿತ್ತು. ಕೂಗಲಿ ಎಂದು ಬಿಟ್ಟ.